ಅರವತ್ತು ಗೋಲುಗಳ ಆಮೇಲೆ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಗೆ ಸರಾಸರಿಯ ಪಾಠ ಮಾಡಬೇಕಿತ್ತು. ಪೀಠಿಕೆಗೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಡಿಕ್ಸಿ ಡೀನ್ ಅವರನ್ನು ಆರಿಸಿಕೊಂಡೆ. 1927–28ರ ಲೀಗಿನಲ್ಲಿ ಎವರ್ಟನ್ ತಂಡಕ್ಕೆ ಅವರು ಹೊಡೆದದ್ದು 39 ಪಂದ್ಯಗಳಲ್ಲಿ 60 ಗೋಲು. ಅಲ್ಲಿನ ಮೇಲ್ದರ್ಜೆಯ ಲೀಗಿನಲ್ಲಿ ಈ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಮಕ್ಕಳು ಭಾಗಿಸಿದರು, ಪಂದ್ಯಕ್ಕೆ ಒಂದೂವರೆಗಿಂತ ತುಸು ಹೆಚ್ಚು ಬಂತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, ಆಮೇಲೆ ಅವರು ಏನಾದರು ಎಂದು ಕೇಳಿದ. ನನ್ನ ಪಾಠಯೋಜನೆಯಲ್ಲಿ ಆಮೇಲೆ ಎಂಬುದೇ ಇರಲಿಲ್ಲ. ನಾಳೆ ಹೇಳುತ್ತೇನೆಂದು ಜಾರಿಕೊಂಡೆ. ಅವನು ಶಾಲಾ ತಂಡದ ಆಟಗಾರ, ಓದು ಬಿಟ್ಟು ಆಟಕ್ಕೇ ಹೋಗುತ್ತೇನೆಂದು ಮನೆಯಲ್ಲಿ ಹಟ ಹಿಡಿದಿದ್ದಾನೆಂದು ಮಾರ್ಗದರ್ಶಕ ಶಿಕ್ಷಕರು ಸಂಜೆ ತಿಳಿಸಿದರು.

ಮರುದಿನ ಮೊದಲಿನಿಂದ ಹೇಳಿದೆ. ಡೀನ್ ಹುಟ್ಟಿದ್ದು 1907ರಲ್ಲಿ, ಲಿವರ್‌ಪೂಲ್‌ನ ಎದುರು ದಡದ ಬರ್ಕನ್‌ಹೆಡ್‌ನಲ್ಲಿ. ಶಾಲೆ ಬಿಟ್ಟ ಮೇಲೆ ರೈಲ್ವೆಯಲ್ಲಿ ಫಿಟ್ಟರ್ ಕೆಲಸ ಕಲಿಯಲು ಸೇರಿ, ಹಗಲು ಆಡಲು ಸಿಗಲೆಂದು ರಾತ್ರಿ ಪಾಳಿ ಹಿಡಿದರು. 1925ರಲ್ಲಿ ಎವರ್ಟನ್ ಅವರನ್ನು 3,000 ಪೌಂಡಿಗೆ ಕೊಂಡಿತು. ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ತಲೆಬುರುಡೆಯೂ ದವಡೆಯೂ ಮುರಿದವು. ಇನ್ನು ಆಡುವುದು ಅನುಮಾನವೆಂದರು ವೈದ್ಯರು. ಕೆಲವೇ ತಿಂಗಳಲ್ಲಿ ಅದೇ ತಲೆಯಿಂದ ಚೆಂಡು ಹೊಡೆಯುತ್ತಿದ್ದರು!

1928ರ ಮೇ 5ರಂದು ಆರ್ಸೆನಲ್ ವಿರುದ್ಧ ಕೊನೆಯ ಪಂದ್ಯ. ಹಿಂದಿನ ವರ್ಷ ಎರಡನೇ ದರ್ಜೆಯಲ್ಲಿ ಜಾರ್ಜ್ ಕ್ಯಾಮ್ಸೆಲ್ ಹೊಡೆದ 59ನ್ನು ದಾಟಲು ಡೀನ್‌ಗೆ ಮೂರು ಗೋಲು ಬೇಕಿತ್ತು. ಎರಡು ಬಂದವು. ಆಟ ಮುಗಿಯುವ ಹೊತ್ತಿಗೆ ಅಲೆಕ್ ಟ್ರೂಪ್ ಮೂಲೆಯಿಂದ ಒದ್ದ ಚೆಂಡನ್ನು ತಲೆಯಿಂದ ಒಳಕ್ಕೆ ತಳ್ಳಿದರು. ಆಗ ಅವರ ವಯಸ್ಸು 21. ತರಗತಿ ಚಪ್ಪಾಳೆ ತಟ್ಟಿತು. ಆ ಹುಡುಗ ತಟ್ಟಲಿಲ್ಲ, ಕಾಯುತ್ತಿದ್ದ.

ಎವರ್ಟನ್‌ಗೆ ಲೀಗಿನಲ್ಲಿ ಒಟ್ಟು 399 ಪಂದ್ಯ, 349 ಗೋಲು. ಆದರೆ ಆಟಗಾರನ ಸಂಬಳಕ್ಕೆ ಆಗ ಮಿತಿಯಿತ್ತು: ಆಟದ ದಿನಗಳಲ್ಲಿ ವಾರಕ್ಕೆ 8 ಪೌಂಡ್, ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. 1938ರಲ್ಲಿ ಎವರ್ಟನ್ ಬಿಟ್ಟು ನಾಟ್ಸ್ ಕೌಂಟಿಗೆ, ಅಲ್ಲಿಂದ ಐರ್ಲೆಂಡಿನ ಸ್ಲೈಗೋ ರೋವರ್ಸ್‌ಗೆ ಹೋದರು. ಅಷ್ಟರಲ್ಲಿ ಯುದ್ಧ. ಆಮೇಲೆ ಚೆಸ್ಟರ್‌ನಲ್ಲಿ ಪಬ್ ನಡೆಸಿದರು. (ತರಗತಿಯಲ್ಲಿ ಪಬ್ ಎನ್ನಬೇಕೋ ಬೇಡವೋ ಎಂದು ಅಳುಕಿದೆ, ಹೇಳಿಬಿಟ್ಟೆ.) ಕೊನೆಗೆ, ಫುಟ್‌ಬಾಲ್ ಫಲಿತಾಂಶಗಳ ಮೇಲೆ ಜನರಿಂದ ಪಣ ಕಟ್ಟಿಸಿಕೊಳ್ಳುತ್ತಿದ್ದ ಲಿಟಲ್‌ವುಡ್ಸ್ ಕಂಪನಿಯಲ್ಲಿ ಪೋರ್ಟರ್ ಕೆಲಸ. 1976ರಲ್ಲಿ ಬಲಗಾಲನ್ನು ಕತ್ತರಿಸಬೇಕಾಯಿತು.

1980ರ ಮಾರ್ಚ್ 1ರಂದು, ತಾವು ಆಡಿದ ಗುಡಿಸನ್ ಪಾರ್ಕಿನಲ್ಲೇ ಎವರ್ಟನ್–ಲಿವರ್‌ಪೂಲ್ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು.

ಆ ಹುಡುಗ ಎದ್ದು ನಿಂತು, ಫಿಟ್ಟರ್ ಕೆಲಸವನ್ನು ಅವರು ಪೂರ್ತಿ ಕಲಿತಿದ್ದರೇ ಎಂದು ಕೇಳಿದ. ಇಲ್ಲ, ನಡುವೆ ಬಿಟ್ಟು ಆಟಕ್ಕೆ ಹೋದರು ಎಂದೆ. ಏನನ್ನೋ ಬರೆದುಕೊಂಡು ಕುಳಿತ. ಅಷ್ಟರಲ್ಲಿ ಗಂಟೆ ಬಾರಿಸಿತು. ಸರಾಸರಿಯ ಎರಡನೇ ಅಭ್ಯಾಸ ಕಪ್ಪುಹಲಗೆಯ ಮೇಲೆ ಹಾಗೇ ಉಳಿಯಿತು. ವೀಕ್ಷಣಾ ಪುಸ್ತಕದಲ್ಲಿ ಅದಕ್ಕೆ ಅಂಕ ಕಳೆದಿದ್ದಾರೆ.