'ದೀಪ ಹಿಡಿದ ಮಹಿಳೆ' ರವಿವರ್ಮ ಅವರ ಚಿತ್ರವಲ್ಲ. ಹಾಗಾದರೆ ಬಿಡಿಸಿದ್ದು ಯಾರು?

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ಮರೆಯದೆ ನೋಡುವ ಚಿತ್ರವೊಂದಿದೆ. ಯುವತಿಯ ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಜ್ವಾಲೆಗೆ ಮರೆ. ಬೆರಳುಗಳಲ್ಲಿ ಕೆಂಪು ಹೊಳಪು, ಮುಖದ ಮೇಲೆ ಹೊಂಬೆಳಕು. ಇದೇ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮ ಅವರ ಚಿತ್ರಗಳೂ ಇರುವುದರಿಂದ, ಇದೂ ಅವರದ್ದೇ ಎಂದು ನಂಬಿದವರು ಬಹಳ. ಆದರೆ 'ಗ್ಲೋ ಆಫ್ ಹೋಪ್' ಹೆಸರಿನ ಈ ಚಿತ್ರ ಮುಂಬೈನ ಕಲಾವಿದ ಸಾವಳಾರಾಮ ಲಕ್ಷ್ಮಣ ಹಲ್ದಂಕರ್ ಅವರದ್ದು.

ಸಾವಂತವಾಡಿಯಿಂದ ಮುಂಬೈಗೆ

ಹಲ್ದಂಕರ್ ಹುಟ್ಟಿದ್ದು 1882ರಲ್ಲಿ, ಕೊಂಕಣದ ಸಾವಂತವಾಡಿಯಲ್ಲಿ. ಕಲಿತದ್ದು ಮುಂಬೈನ ಸರ್ ಜೆ.ಜೆ. ಕಲಾಶಾಲೆಯಲ್ಲಿ. 1908ರಲ್ಲಿ ಮುಂಬೈನಲ್ಲೇ ಸ್ವಂತ ಚಿತ್ರಕಲಾ ಶಾಲೆ ತೆರೆದರು. 1918ರಲ್ಲಿ ಶುರುವಾದ ಆರ್ಟ್ ಸೊಸೈಟಿ ಆಫ್ ಇಂಡಿಯಾದ ಸ್ಥಾಪಕರಲ್ಲಿ ಅವರೂ ಒಬ್ಬರು. ತೈಲವರ್ಣದಲ್ಲೂ ಕೆಲಸ ಮಾಡಿದರು, ಆದರೆ ದೊಡ್ಡ ಹೆಸರು ತಂದುಕೊಟ್ಟದ್ದು ಜಲವರ್ಣ.

ಕಾಗದವೇ ಬೆಳಕು

ಈ ಚಿತ್ರದ ಹೆಚ್ಚುಗಾರಿಕೆ ಇರುವುದು ಅಲ್ಲೇ. ತೈಲವರ್ಣದಲ್ಲಿ ಬಣ್ಣ ತಿಳಿಯಾಗಬೇಕಾದರೆ ಬಿಳಿ ಬೆರೆಸಬಹುದು. ಕಪ್ಪಾದ ಜಾಗದ ಮೇಲೂ ಬೆಳಕನ್ನು ಆಮೇಲೆ ತರಬಹುದು. ಸಾಂಪ್ರದಾಯಿಕ ಜಲವರ್ಣದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಕಾಗದವೇ ಬಿಳಿ. ನೀರು ಹೆಚ್ಚಿಸಿದರೆ ಬಣ್ಣ ತಿಳಿಯಾಗುತ್ತದೆ, ಒಣಗಿದ ಪದರದ ಮೇಲೆ ಇನ್ನೊಂದು ಪದರ ಹಚ್ಚಿದರೆ ಗಾಢವಾಗುತ್ತದೆ. ಹಾಗಾಗಿ ಬೆಳಕು ಎಲ್ಲಿರಬೇಕು ಎಂಬುದನ್ನು ಕುಂಚ ಹಿಡಿಯುವ ಮೊದಲೇ ನಿರ್ಧರಿಸಬೇಕು. ಒಮ್ಮೆ ಆ ಜಾಗ ಕಪ್ಪಾದರೆ ಮತ್ತೆ ಬೆಳಗಿಸುವುದು ಬಲು ಕಷ್ಟ. ಜ್ವಾಲೆಯ ಹೊಳಪಿನಿಂದ ನೆರಳಿನವರೆಗಿನ ಅಷ್ಟೂ ಛಾಯೆಗಳನ್ನು ಹಲ್ದಂಕರ್ ತಂದಿದ್ದು ಈ ಕಷ್ಟದ ಮಾಧ್ಯಮದಲ್ಲಿ.

ರೂಪದರ್ಶಿ ಮಗಳೇ

ಚಿತ್ರಕ್ಕೆ ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಮುಂದೆ ಗೀತಾ ಉಪಳೇಕರ್ ಆದ ಅವರು 2018ರಲ್ಲಿ, 102ನೇ ವಯಸ್ಸಿನಲ್ಲಿ ಕೊಲ್ಹಾಪುರದಲ್ಲಿ ನಿಧನರಾದರು. ಚಿತ್ರ ಯಾರದ್ದು ಎಂಬ ಗೊಂದಲಕ್ಕೆ ಈ ಲೆಕ್ಕವೇ ಉತ್ತರ: ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಆಗ ಗೀತಾ ಹುಟ್ಟಿರಲೇ ಇಲ್ಲ.

ಹಲ್ದಂಕರ್ 1968ರಲ್ಲಿ ನಿಧನರಾದರು. ಅವರ ಚಿತ್ರ ಇವತ್ತಿಗೂ ಕ್ಯಾಲೆಂಡರ್‌ಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಓಡಾಡುತ್ತಿದೆ, ಬಹಳ ಸಲ ಬೇರೆಯವರ ಹೆಸರಿನಲ್ಲಿ. ಮುಂದಿನ ಬಾರಿ ಮೈಸೂರಿಗೆ ಹೋದಾಗ ಚಿತ್ರದ ಜೊತೆಗೆ ಚಿತ್ರಕಾರನ ಹೆಸರನ್ನೂ ಓದಿ ಬನ್ನಿ.