ಎರಡು ಅಂಗುಲದ ಕರಾಮತ್ತು: ಕರ್ನಲ್ ಫಾಸ್‌ಬೆರಿ ಕಥೆ

ಚುನಾವಣೆ ದಿನಾಂಕ ಗೊತ್ತಾಯಿತೆಂದರೆ ಪೊಲೀಸ್ ಠಾಣೆ ಬಾಗಿಲಲ್ಲಿ ಕೋವಿ ಹಿಡಿದವರ ಸಾಲು. ಮತದಾನ ಮುಗಿಯೋವರೆಗೆ ಲೈಸೆನ್ಸ್‌ದಾರರು ಕೋವಿ ತಂದು ಒಪ್ಪಿಸಬೇಕು ಅನ್ನೋದು ಹಳೇ ಪದ್ಧತಿ. ಆ ಸಾಲಿನ ಮೇಲೊಮ್ಮೆ ಕಣ್ಣಾಡಿಸಿ. ಬಹುಪಾಲು 12 ಬೋರಿನವೇ. ಒಂಟಿ ನಳಿಗೆ ಇಲ್ಲವೇ ಜೋಡು ನಳಿಗೆ. ಅಡಿಕೆ ತೋಟ, ಗದ್ದೆ ಕಾಯಲಿಕ್ಕೆ ಅಂತ ಅಪ್ಪನ ಕಾಲದಲ್ಲಿ ಬರೆಸಿಕೊಂಡದ್ದು.

ಈ 12 ಅಂದರೆ ಏನು ಅಂತ ಕೇಳಿದರೆ ಕೋವಿ ಇಟ್ಟವರೇ ತಲೆ ಕೆರೆದುಕೊಳ್ಳುತ್ತಾರೆ. ತಕ್ಕಡಿ ಹಿಡಿದವರಿಗೆ ಸುಲಭವಾದ ಲೆಕ್ಕ ಇದು. ಒಂದು ಪೌಂಡು ಸೀಸ ತೂಗಿ, 12 ಸಮಪಾಲು ಮಾಡಿ, ಒಂದೊಂದನ್ನೂ ದುಂಡಗೆ ಉಂಡೆ ಕಟ್ಟಿ. ಆ ಉಂಡೆ ಎಷ್ಟು ದಪ್ಪವೋ ನಳಿಗೆಯ ಒಳಗಲವೂ ಅಷ್ಟೇ. ಒಂದು ಉಂಡೆ ಸುಮಾರು 38 ಗ್ರಾಂ.

ಈ ಕೋವಿ ಹುಟ್ಟಿದ್ದು ಹಕ್ಕಿ ಹೊಡೆಯಲಿಕ್ಕೆ. ನಳಿಗೆಯ ಒಳಗೆ ಕನ್ನಡಿಯಂಥ ನುಣುಪು. ಒಂದು ಹಿಡಿ ಚರೆ ತುಂಬಿ ಹೊಡೆದರೆ ಬಲೆ ಬೀಸಿದ ಹಾಗೆ ಹರಡಿಕೊಂಡು ಹೋಗುತ್ತದೆ. ಅದೇ ಕೋವಿಗೆ ಒಂಟಿ ಗುಂಡು ತುಂಬಿ ಕಡವೆಗೆ, ಜಿಂಕೆಗೆ ಗುರಿಯಿಟ್ಟರೆ ಬಂತು ತಾಪತ್ರಯ. ಗುಂಡು ನಳಿಗೆಯಲ್ಲಿ ಸಲೀಸಾಗಿ ಹೋಗಲೆಂದು ಕೂದಲೆಳೆಯಷ್ಟು ಚಿಕ್ಕದಾಗಿರಬೇಕು. ಅದು ಒಳಗೆ ಅತ್ತಿತ್ತ ಬಡಿದುಕೊಂಡು, ಬಾಯಿ ದಾಟುವಾಗ ಯಾವ ಗೋಡೆಗೆ ತಾಗಿತೋ ಅದಕ್ಕೆ ತಕ್ಕಂತೆ ತಿರುಗಿಕೊಂಡು, ಗಾಳಿಯಲ್ಲಿ ಅಡ್ಡ ಸರಿಯುತ್ತದೆ. ಸ್ಪಿನ್ ಬೌಲಿಂಗ್ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಚೆಂಡು ಯಾವ ಕಡೆ ತಿರುಗುತ್ತೆ ಅಂತ ಹೊಡೆದವನಿಗೂ ಗೊತ್ತಿಲ್ಲ. 1742ರಲ್ಲೇ ಇದನ್ನು ಪುಸ್ತಕ ಬರೆದು ವಿವರಿಸಿದ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಪಂಡಿತ, ಕಂಪನಿ ನೌಕರಿಗೆ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

40-50 ಗಜದೊಳಗೆ ಹೇಗೋ ನಡೆಯುತ್ತೆ. ಅದರಾಚೆ ಎದೆಗೆ ಇಟ್ಟ ಗುರಿ ಹೊಟ್ಟೆಗೋ ತೊಡೆಗೋ ತಾಗುತ್ತದೆ. ಜಿಂಕೆ ಅಲ್ಲೇ ಬೀಳೋದಿಲ್ಲ ಸ್ವಾಮಿ. ಓಡುತ್ತದೆ, ಪೊದೆ ಸೇರುತ್ತದೆ, ಎರಡು ದಿನ ನರಳಿ ಸಾಯುತ್ತದೆ. ಹೊಡೆದವನಿಗೆ ಮಾಂಸವೂ ಇಲ್ಲ, ಅದಕ್ಕೆ ನೆಟ್ಟಗಿನ ಸಾವೂ ಇಲ್ಲ.

ಹಾಗಾದರೆ ನಳಿಗೆಯೊಳಗೆ ಸುರುಳಿ ಗಾಡಿ ಕೊರೆದ ರೈಫಲ್ ಹಿಡಿಯಬಹುದಲ್ಲ ಅಂತೀರಾ? ಗುಂಡು ಬುಗುರಿ ತಿರುಗಿದಂತೆ ತಿರುಗಿ ನೇರ ಹೋಗುತ್ತೆ, ನಿಜ. ಆದರೆ ಅದರಲ್ಲಿ ಚರೆ ಹೊಡೆದರೆ ಚರೆಯೂ ಗಿರಗಿರ ತಿರುಗಿ ಬಳೆಯಾಕಾರದಲ್ಲಿ ಚೆದುರಿ, ನಡುವೆ ಖಾಲಿ ಬೀಳುತ್ತದೆ. ಕಾಡುಕೋಳಿ ಆ ಖಾಲಿಯಲ್ಲೇ ಹಾರಿಹೋಗುತ್ತದೆ. ಕಾಡಿನಲ್ಲಿ ಮುಂದಿನ ತಿರುವಿಗೆ ಕೋಳಿ ಏಳುತ್ತೋ ಕಡವೆ ನಿಂತಿರುತ್ತೋ ಯಾರಿಗೆ ಗೊತ್ತು! ಸಾಹೇಬರುಗಳು ಎರಡು ಕೋವಿ ಹೊರೋ ಆಳು ಇಟ್ಟುಕೊಂಡು ಅಲೆಯುತ್ತಿದ್ದರು.

ಈ ಗಂಟು ಬಿಡಿಸಿದ ಆಸಾಮಿಯೇ ಜಾರ್ಜ್ ವಿನ್ಸೆಂಟ್ ಫಾಸ್‌ಬೆರಿ. ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯಲ್ಲಿ. 20ರ ಹರೆಯಕ್ಕೆ, 1852ರಲ್ಲಿ, ಕಂಪನಿಯ ಬಂಗಾಳ ಸೈನ್ಯ ಸೇರಿದ. ಕವಾಯತಿಗಿಂತ ಕೋವಿ ಬಿಚ್ಚಿ ಜೋಡಿಸೋದರಲ್ಲೇ ಈತನ ತಲೆ ಓಡುತ್ತಿತ್ತು ಅಂತ ಮುಂದಿನ ಕೆಲಸ ನೋಡಿದರೆ ಅನ್ನಿಸುತ್ತೆ. ತಾಗಿದ ಕಡೆ ಸಿಡಿಯುವ ಸಣ್ಣ ಗುಂಡು ತಯಾರಿಸಿದ್ದ. ಅದನ್ನು ಪರೀಕ್ಷೆ ಮಾಡಲೆಂದೇ 1863ರ ಅಂಬೇಲ ಯುದ್ಧಕ್ಕೆ ಹೋದ. ಈಗ ಪಾಕಿಸ್ತಾನಕ್ಕೆ ಸೇರಿದ ಬುನೇರ್ ಗುಡ್ಡಗಾಡು ಅದು.

ಅಲ್ಲೊಂದು ಕಡಿದಾದ ಬಂಡೆ. ಬ್ರಿಟಿಷರು ಹಿಡಿಯೋದು, ಪಠಾಣರು ಕಿತ್ತುಕೊಳ್ಳೋದು, ಮತ್ತೆ ಬ್ರಿಟಿಷರು ಹಿಡಿಯೋದು. ಹೀಗೆ ಎರಡೂ ಕಡೆ ಹೆಣ ಬಿದ್ದವು. ಆ ವರ್ಷದ ಅಕ್ಟೋಬರ್ 30ರಂದು ಬಂಡೆ ಹತ್ತುವ ದಾರಿ ಎಷ್ಟು ಕಿರಿದಾಗಿತ್ತೆಂದರೆ ಒಬ್ಬಿಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹತ್ತುವ ಹಾಗಿಲ್ಲ. ತನ್ನ ಕಡೆಯಿಂದ ಮೊದಲು ತುದಿ ಮುಟ್ಟಿದವನು ಫಾಸ್‌ಬೆರಿ. ಮೇಲಧಿಕಾರಿ ಕೀಸ್ ಗಾಯಗೊಂಡ ಮೇಲೆ ಸಿಕ್ಕ ಸಿಪಾಯಿಗಳನ್ನು ಕೂಡಿಸಿಕೊಂಡು, ಓಡುವವರ ಬೆನ್ನಟ್ಟಿದ. 1865ರಲ್ಲಿ ವಿಕ್ಟೋರಿಯಾ ಕ್ರಾಸ್ ಬಂತು. ಅವರ ಸೈನ್ಯದಲ್ಲಿ ಅದಕ್ಕಿಂತ ದೊಡ್ಡ ಪದಕ ಇಲ್ಲ. ಗುಡ್ಡ ಯಾರದು, ಹತ್ತಿದವರು ಯಾರು ಅನ್ನೋ ಪ್ರಶ್ನೆ ನಮಗೆ ಇದ್ದೇ ಇದೆ. ಆದರೆ ಧೈರ್ಯ ಇರಲಿಲ್ಲ ಅನ್ನೋ ಹಾಗಿಲ್ಲ.

ಸಿಡಿಗುಂಡಿನ ಗತಿ ಬೇರೆಯಾಯಿತು. ಮನುಷ್ಯರ ಮೈಯೊಳಗೆ ಸಿಡಿಯುವ ಇಂಥ ಗುಂಡು ಯುದ್ಧದಲ್ಲಿ ಬೇಡ ಅಂತ 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹಲವು ಸರ್ಕಾರಗಳು ಕೂಡಿ ಒಪ್ಪಂದ ಮಾಡಿಕೊಂಡವು. 400 ಗ್ರಾಂಗಿಂತ ಹಗುರಾದ ಸಿಡಿಗುಂಡು ನಿಷಿದ್ಧ. ಪ್ರಾಣಿಗಳ ಪರವಾಗಿ ಮಾತ್ರ ಅಲ್ಲಿ ಯಾರೂ ಸಹಿ ಹಾಕಲಿಲ್ಲ.

1877ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತಿ. ಪೆನ್ಷನ್ ತಗೊಂಡು ಕುರ್ಚಿಯಲ್ಲಿ ಕೂರೋ ಜಾತಿ ಅಲ್ಲ. ಯೋಚಿಸಿದ. ಗುಂಡು ತಿರುಗಬೇಕಾದದ್ದು ಹೊರಗೆ ಬೀಳುವ ಹೊತ್ತಿಗೆ ತಾನೆ? ಹಾಗಿದ್ದ ಮೇಲೆ ಉದ್ದಕ್ಕೂ ಗಾಡಿ ಯಾಕೆ ಕೊರೀಬೇಕು? ಇಡೀ ನಳಿಗೆ ನುಣುಪಾಗೇ ಬಿಟ್ಟು ಬಾಯಿ ಹತ್ತಿರದ ಎರಡು ಅಂಗುಲ ಚಿಲ್ಲರೆಯಲ್ಲಿ ಮಾತ್ರ ಗಾಡಿ ಕೊರೆಸಿದ. ಚರೆ ಹೊಡೆದರೆ ಆ ಗಿಡ್ಡ ಗಾಡಿ ಅದನ್ನು ಅಷ್ಟಾಗಿ ಕೆಡಿಸೋದಿಲ್ಲ. ಗುಂಡು ಹೊಡೆದರೆ ಕೊನೇ ಕ್ಷಣದಲ್ಲಿ ಕಿವಿ ಹಿಂಡಿ ತಿರುಗಿಸಿ ಕಳಿಸುತ್ತದೆ. 1885ರಲ್ಲಿ ಪೇಟೆಂಟ್ ಆಯಿತು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಅಂಗಡಿಯವರು ಹಕ್ಕು ಪಡೆದು ಮಾರಿದರು. ಹೆಸರು ಪ್ಯಾರಡಾಕ್ಸ್, ಅಂದರೆ ವಿರೋಧಾಭಾಸ. ಎರಡು ಹೊಂದದ ಕೆಲಸ ಒಂದೇ ನಳಿಗೆಯಲ್ಲಿ ಆಗುತ್ತಲ್ಲ, ಅದಕ್ಕೆ.

ಗಾಡಿಯೊಂದೇ ಸಾಲದು ಅನ್ನೋದನ್ನೂ ಮರೀಬಾರದು. ಹಕ್ಕಿ ಕೋವಿಗೆ ತುದಿಯಲ್ಲೊಂದು ಮಣಿ ಬಿಟ್ಟರೆ ಗುರಿ ಹಿಡಿಯೋ ಸಾಧನ ಇಲ್ಲ. ಕೆನ್ನೆ ಸ್ವಲ್ಪ ಎತ್ತಿದರೂ ಗುಂಡು ಜಿಂಕೆ ಬೆನ್ನ ಮೇಲೆ ಹಾರಿತು. ಅದಕ್ಕೆ ಪ್ಯಾರಡಾಕ್ಸಿಗೆ ಹಿಂದುಗಡೆ ಮಡಚುವ ನೋಟದ ತಗಡು ಕೂರಿಸಿದರು. ಜೋಡು ನಳಿಗೆಯಲ್ಲಿ ಎಡದ್ದು ಒಂದು ಕಡೆ ಬಲದ್ದು ಒಂದು ಕಡೆ ಹೊಡೆಯೋದು ಇನ್ನೊಂದು ರೋಗ. ಒಂದೊಂದು ಕೋವಿಯನ್ನೂ ಹೊಡೆದು ನೋಡಿ ಎರಡೂ ಒಂದೇ ಜಾಗಕ್ಕೆ ಬೀಳುವಂತೆ ತಿದ್ದಿ ಕಳಿಸುತ್ತಿದ್ದರು. 12 ಬೋರಿನ ಪ್ಯಾರಡಾಕ್ಸ್ ಗುಂಡು ಸುಮಾರು 48 ಗ್ರಾಂ. 100 ಗಜಕ್ಕೂ ನಂಬಿ ಹೊಡೆಯಬಹುದಿತ್ತು. ನೈಲ್ ನದಿ ಮೂಲ ಹುಡುಕಲು ಹೋಗಿ ಹೆಸರಾದ ಸ್ಯಾಮ್ಯುಯೆಲ್ ಬೇಕರ್ 1890ರ ತನ್ನ ಶಿಕಾರಿ ಪುಸ್ತಕದಲ್ಲಿ ಇದನ್ನು ಹೊಗಳಿದ. ಹಿಂದೂಸ್ಥಾನದ ರಾಜರು, ಅರಣ್ಯ ಅಧಿಕಾರಿಗಳು ತರಿಸಿಕೊಂಡರು. ಬಡ ರೈತನ ಕೈಗೆ ಎಟುಕುವ ಮಾಲಲ್ಲ ಬಿಡಿ.

ಎಟುಕದವರ ಪಾಡಿಗೆ ದಾರಿ ಹುಡುಕಿದವನು ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ, 1898ರಲ್ಲಿ. ಈತ ನಳಿಗೆ ಮುಟ್ಟಲಿಲ್ಲ, ಗುಂಡನ್ನೇ ಬದಲಿಸಿದ. ಮುಂದೆ ಸೀಸದ ಭಾರ, ಹಿಂದೆ ಹಗುರ ಬಿರಡೆ. ಶಟಲ್ ಕಾಕ್ ಹೇಗೆ ಹೊಡೆದರೂ ತಲೆ ಮುಂದಾಗಿ ಹೋಗುತ್ತಲ್ಲ, ಅದೇ ಉಪಾಯ. ಅಮೆರಿಕದಲ್ಲಿ ಕಾರ್ಲ್ ಫಾಸ್ಟರ್ 1931ರಲ್ಲಿ ಹಿಂದೆ ಟೊಳ್ಳು ಬಿಟ್ಟು ಅದನ್ನೇ ಇನ್ನೊಂದು ಬಗೆಯಲ್ಲಿ ಮಾಡಿದ. ಈ ಗುಂಡುಗಳ ಮೈಮೇಲಿನ ಓರೆ ಗೆರೆ ನೋಡಿ ಅದೇ ತಿರುಗಿಸುತ್ತೆ ಅಂತ ಬಹಳ ಜನ ನಂಬಿದ್ದಾರೆ. ತಿರುಗಿಸೋದು ಅತ್ಯಲ್ಪ. ನಳಿಗೆ ಬಾಯಿ ಕಿರಿದಾಗಿದ್ದರೆ ಹಿಸುಕಿಕೊಂಡು ದಾಟಲಿಕ್ಕೆ ಅದು ನೆರವು. ಅಳತೆ ಮೀರಿದ ಗಟ್ಟಿ ಉಂಡೆಯನ್ನು ಕಿರಿ ಬಾಯಿಯ ಕೋವಿಗೆ ತುಂಬಿದರೆ ನಳಿಗೆಯೇ ಸೀಳಿಹೋದೀತು.

ಫಾಸ್‌ಬೆರಿ ಮುಪ್ಪಿನಲ್ಲೂ ಸುಮ್ಮನಿರಲಿಲ್ಲ. ಹೊಡೆದ ಹೊಡೆತದ ಬಲದಿಂದಲೇ ಮುಂದಿನ ಗುಂಡಿಗೆ ಸಜ್ಜಾಗುವ ರಿವಾಲ್ವರ್ ಮಾಡಿದ. ವೆಬ್ಲಿ-ಫಾಸ್‌ಬೆರಿ ಅಂತ 1901ರಲ್ಲಿ ಮಾರುಕಟ್ಟೆಗೆ ಬಂತು. ಚೊಕ್ಕ ಯಂತ್ರ, ಆದರೆ ಕೆಸರು ಆಗದು. ಸೈನ್ಯ ಅಧಿಕೃತವಾಗಿ ಒಪ್ಪಲಿಲ್ಲ. 1941ರ ಮಾಲ್ಟೀಸ್ ಫಾಲ್ಕನ್ ಅನ್ನೋ ಹಾಲಿವುಡ್ ಚಿತ್ರದಲ್ಲಿ ಕೊಲೆಯ ಆಯುಧ ಅದೇ. 1907ರ ಮೇ 8ರಂದು ಬಾತ್ ಪಟ್ಟಣದಲ್ಲಿ, 75ನೇ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ ಬೇಟೆ ಅಪರಾಧ. ಅರಮನೆಗಳ ಪ್ಯಾರಡಾಕ್ಸುಗಳು ಗೋಡೆ ಸೇರಿದವು. ಅಮೆರಿಕದ ಕೆಲವು ಸೀಮೆಗಳಲ್ಲಿ ಮಾತ್ರ ಜನವಸತಿ ಹೆಚ್ಚಿರುವ ಕಡೆ ರೈಫಲ್ ಗುಂಡು ಬಹಳ ದೂರ ಹೋದೀತೆಂಬ ಅಂಜಿಕೆಯಿಂದ ಜಿಂಕೆಗೆ ಇಂಥ ಕೋವಿಯೇ ಸರಿ ಅಂತ ನಿಯಮ ಮಾಡಿದರು. ಅಲ್ಲಿಯ ಅಂಗಡಿಗಳಲ್ಲಿ ನಳಿಗೆ ಬಾಯಿಗೆ ತಿರುಪಿ ಕೂರಿಸುವ, ಒಳಗೆ ಗಾಡಿ ಕೊರೆದ ಗಿಡ್ಡ ಕೊಳವೆ ಸಿಗುತ್ತದೆ. ಜಿಂಕೆ ಹಂಗಾಮಿಗೆ ಹಾಕೋದು, ಹಕ್ಕಿ ಹಂಗಾಮಿಗೆ ಬಿಚ್ಚೋದು.