ಒಂದೇ ಚಾಸಿ, ಮೂರು ಹೆಸರು: ವಾಲ್‌ಚಂದ್ ಹೀರಾಚಂದ್

ಗದಗ-ಬೆಟಗೇರಿಯಿಂದ ಬಾಗಲಕೋಟೆ, ವಿಜಯಪುರ ದಾಟಿ ಹೋಗೋ ರೈಲು ಸೊಲ್ಲಾಪುರ ಮುಟ್ಟುತ್ತೆ. ಇವತ್ತಿಗೂ ಅಲ್ಲಿ ಕನ್ನಡ ಮಾತಾಡೋ ಜನ ಬಹಳ. ಅದೇ ಊರಿನ ಒಂದು ಗುಜರಾತಿ ಜೈನ ವ್ಯಾಪಾರಿ ಮನೆತನದಲ್ಲಿ 1882ರಲ್ಲಿ ವಾಲ್‌ಚಂದ್ ಹೀರಾಚಂದ್ ಹುಟ್ಟಿದರು.

ಮನೆತನದ್ದು ಹತ್ತಿ ವ್ಯಾಪಾರ, ಲೇವಾದೇವಿ. ಅವರಿಗೆ ಅದು ಹಿಡಿಸಲಿಲ್ಲ, ರೈಲ್ವೆ ಗುತ್ತಿಗೆಗೆ ಇಳಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿ ಕಟ್ಟಿ ಬ್ರಿಟಿಷ್ ಹಡಗು ಕಂಪನಿಗಳಿಗೆ ಎದುರು ನಿಂತರು. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಬೆಳೆದಿದ್ದು ಅದರಿಂದಲೇ.

ಇನ್ನು ಕಾರಿನ ಕಥೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮಲ್ಲೇ ಕಾರ್ಖಾನೆ ಆಗಬೇಕು ಅಂತ ಯುರೋಪ್, ಅಮೆರಿಕ ಸುತ್ತಿ ಯೋಜನೆ ತಯಾರಿಸಿದ್ದರು. ವಾಲ್‌ಚಂದ್ ಅದಕ್ಕೆ ಕೈಜೋಡಿಸಿದರು. ಆದರೆ ಬ್ರಿಟಿಷ್ ಸರ್ಕಾರದಿಂದ ಬೇಕಾದ ಬೆಂಬಲ ಸಿಗಲಿಲ್ಲ. ವಾಲ್‌ಚಂದ್ ಬಿಡಲಿಲ್ಲ. ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. 1947ರಲ್ಲಿ ಮುಂಬೈನ ಕುರ್ಲಾ ಕಾರ್ಖಾನೆಯಿಂದ ಕಾರುಗಳು ಹೊರಬಂದವು.

ಅಲ್ಲಿ ಡಾಜ್, ಪ್ಲಿಮತ್, ಡಿಸೋಟೊ ಅಂತ ಮೂರು ಹೆಸರಿನ ಕಾರುಗಳು ತಯಾರಾಗುತ್ತಿದ್ದವು. ಮುಂದೆ ಬಂದ ಡಾಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಎರಡೂ ಒಳಗಿಂದ ಪ್ಲಿಮತ್ತೇ. ಗ್ರಿಲ್, ಬ್ಯಾಡ್ಜ್ ಮುಂತಾದ ಹೊರಗಿನ ಅಲಂಕಾರ ಮಾತ್ರ ಬೇರೆ. ಬೆಟಗೇರಿ ನೇಕಾರರಿಗೆ ಇದು ಥಟ್ಟನೆ ಅರ್ಥ ಆಗುತ್ತೆ: ಹಾಸು ಒಂದೇ ಇದ್ದರೂ ಹೊಕ್ಕು ಬದಲಿಸಿದರೆ ಸೀರೆ ಬೇರೆ ಕಾಣುತ್ತೆ.

ಇದು ಮೋಸನಾ? ಎಂಜಿನಿಯರಿಂಗ್ ಲೆಕ್ಕದಲ್ಲಿ ಅಲ್ಲ. ಪ್ರೆಸ್ ಡೈ, ಜಿಗ್‌ಗಳಿಗೆ ಸುರಿಯೋ ದುಡ್ಡು ದೊಡ್ಡದು. ಅದನ್ನು ಹೆಚ್ಚು ಕಾರುಗಳ ಮೇಲೆ ಹಂಚಿದರೆ ಒಂದೊಂದರ ವೆಚ್ಚ ಇಳಿಯುತ್ತೆ. ಇವತ್ತು ಮಾರುತಿಯ ಸ್ವಿಫ್ಟ್, ಬಲೆನೊ, ಎರ್ಟಿಗಾ ಮೂರೂ ಹಾರ್ಟೆಕ್ಟ್ ಪ್ಲಾಟ್‌ಫಾರ್ಮ್ ಮೇಲೆ ನಿಂತಿವೆ. ಆದರೆ ಅವು ಬರೀ ಬ್ಯಾಡ್ಜ್ ಬದಲಿಸಿದ ಕಾರುಗಳಲ್ಲ. ತಳ ಹಂಚಿಕೊಂಡರೂ ಅಳತೆ, ಬಾಡಿ, ಸೀಟುಗಳ ಸಂಖ್ಯೆ ಬೇರೆ ಮಾಡಬಹುದು.

ವಾಲ್‌ಚಂದ್ ಮುಂದಿದ್ದ ನಿಜವಾದ ಪ್ರಶ್ನೆ ಬೇರೆ: ಆ ಪ್ಲಾಟ್‌ಫಾರ್ಮ್ ಯಾರದು? ಅದು ಕ್ರೈಸ್ಲರ್‌ನದು. ಹೊರಗಿಂದ ಬಂದ ಭಾಗಗಳನ್ನು ಜೋಡಿಸುತ್ತಾ ಕೂತರೆ ಕಾರ್ಖಾನೆ ನಮ್ಮದಾದರೂ ಕಾರು ನಮ್ಮದಾಗಲ್ಲ. ಅದಕ್ಕೇ ಪ್ರೀಮಿಯರ್ ಒಂದೊಂದಾಗಿ ಬಿಡಿಭಾಗಗಳನ್ನು ಇಲ್ಲೇ ಮಾಡೋಕೆ ಹೊರಟಿತು. 1953ರಲ್ಲಿ ಸರ್ಕಾರ ಬರೀ ಜೋಡಣೆ ಸಾಲದು, ತಯಾರಿಕೆಯೂ ಇಲ್ಲೇ ಆಗಬೇಕು ಅಂದಾಗ ಫೋರ್ಡ್, ಜನರಲ್ ಮೋಟರ್ಸ್ ಜಾಗ ಖಾಲಿ ಮಾಡಿದವು. ಪ್ರೀಮಿಯರ್ ಉಳಿಯಿತು.

ಅದೇ 1953ರ ಏಪ್ರಿಲ್‌ನಲ್ಲಿ ವಾಲ್‌ಚಂದ್ ತೀರಿಕೊಂಡರು. ಆಮೇಲೆ ಅದೇ ಕಂಪನಿ ಫಿಯೆಟ್ 1100 ಕಾರನ್ನು ತಯಾರಿಸಿತು. ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಆಗಿ ಮುಂಬೈ ಟ್ಯಾಕ್ಸಿಯ ಗುರುತಾಯಿತು. ಅದರ ಮೂಲ ವಿನ್ಯಾಸವೂ ಹೊರಗಿನದೇ. ತಳದಿಂದಲೇ ನಮ್ಮದಾದ ಕಾರನ್ನು ಮಾತ್ರ ಅವರು ನೋಡಲಿಲ್ಲ.